ದೇವರಾಯನದುರ್ಗದಲ್ಲಿ ಮಕ್ಕಳ ಜತೆ ಕಾಡು ನಡಿಗೆ: ಯಾವ ದಾರಿ, ಯಾವ ತಿಂಗಳು?

ಹೆಗ್ಗೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಇಕೋ ಕ್ಲಬ್ ಮಕ್ಕಳನ್ನು ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೀವಿ. ಎಂಟು, ಒಂಬತ್ತನೇ ಕ್ಲಾಸಿನವರು. ಇವರಲ್ಲಿ ಹೆಚ್ಚಿನವರು ಅಪ್ಪ ಅಮ್ಮನ ಜತೆ ದುರ್ಗಕ್ಕೆ ಹೋಗಿಯೇ ಇದ್ದಾರೆ. ಬಸ್ಸಲ್ಲೋ ಕಾರಲ್ಲೋ ಮೇಲೆ ಹೋಗಿ, ನರಸಿಂಹಸ್ವಾಮಿ ದರ್ಶನ ಮಾಡಿ, ಪುಳಿಯೋಗರೆ ತಿಂದು, ಕೋತಿಗೆ ಬಾಳೆಹಣ್ಣು ಕೊಟ್ಟು ವಾಪಸ್ ಬಂದವರು. ದಾರಿಯುದ್ದಕ್ಕೂ ಇದ್ದ ಕಾಡಿನಲ್ಲಿ ಏನೇನು ಮರ ಇತ್ತು ಅಂತ ಕೇಳಿದರೆ ‘ನೀಲಗಿರಿ’ ಅಂದುಬಿಟ್ಟರು. ಅದು ನನಗೆ ಬಹಳ ಬೇಜಾರಾಯ್ತು.

ಅದಕ್ಕೇ ಕೇಳ್ತಿದ್ದೀನಿ. ಅರ್ಧ ದಿನ ಕಾಡಿನೊಳಗೆ ನಡೆಸಬೇಕು ಅಂದರೆ ಯಾವ ದಾರಿ ಒಳ್ಳೆಯದು? ಯಾವ ತಿಂಗಳು? ಏನು ತೋರಿಸಲಿ? ಕರಡಿ ಇದೆ ಅಂತ ಪೋಷಕರು ಹೆದರ್ತಿದ್ದಾರೆ, ಅದಕ್ಕೂ ಉತ್ತರ ಬೇಕು.

ಜಾಲಾರಿ ನೆರಳು

ಟೀಚರ್, ನೀವು ಕೇಳಿದ್ದು ತುಂಬಾ ಸಂತೋಷ. ಮೊದಲ ಮಾತು, ಬಸ್ಸನ್ನು ಸೀದಾ ಬೆಟ್ಟದ ಮೇಲಕ್ಕೆ ಬಿಡಬೇಡಿ. ದೇವರಾಯನದುರ್ಗದ ಕಾಡು ಇರೋದು ಬುಡದಲ್ಲಿ, ಇಳಿಜಾರಿನಲ್ಲಿ, ಹಳ್ಳದ ದಂಡೆಯಲ್ಲಿ. ಸುಮಾರು 1,200 ಮೀಟರ್ ಎತ್ತರದ ತುದಿಯಲ್ಲಿ ಬಂಡೆ ಇದೆ, ಯೋಗನರಸಿಂಹನ ಗುಡಿ ಇದೆ, ಒಳ್ಳೆ ಗಾಳಿ ಇದೆ. ಕಾಡು ನೋಡೋಕೆ ಹೋದವರು ಕೆಳಗೇ ಇಳಿಯಬೇಕು. ಅರ್ಧ ದಿನ ಇದ್ದರೆ ಆ ಅರ್ಧ ದಿನ ಪೂರ್ತಿ ಬುಡದಲ್ಲಿರೋ ನಾಮದ ಚಿಲುಮೆ ಅನ್ನೋ ಒರತೆಯ ಸುತ್ತಲೇ ಕಳೆಯಿರಿ. ಕಡಿಮೆ ದೂರ, ನಿಧಾನ ನಡಿಗೆ. ಮಕ್ಕಳಿಗೆ ಕಾಲುನೋವು ಬರೋಕಿಂತ ಮೊದಲೇ ಕಣ್ಣು ಪಳಗಬೇಕು.

ಇದು ಪೂರಾ ಒಂದೇ ಜಾತಿಯ ಕಾಡಲ್ಲ. ಒಣ ಇಳಿಜಾರಿನಲ್ಲಿ ಬಂದರಿಕೆ, ತಂಗಡಿ, ಕಾರೆ, ಕವಳೆಯ ಕುರುಚಲು. ಸ್ವಲ್ಪ ಮಣ್ಣು ಕೂತಿರೋ ಕಡೆ ದಿಂಡಿಗ, ಹೊನ್ನೆ, ಕಕ್ಕೆ, ಮುತ್ತುಗ, ತೂಬರೆ, ನೆಲ್ಲಿ. ನೀರಿನ ಪಸೆ ಇರೋ ಹಳ್ಳದ ಅಂಚಿಗೆ ಬಂದರೆ ಅತ್ತಿ, ನೇರಳೆ, ಹೊಂಗೆ, ಅವಕ್ಕೆ ಸುತ್ತಿಕೊಂಡ ದಪ್ಪ ದಪ್ಪ ಬಳ್ಳಿ. ಕೆಲವೇ ನಿಮಿಷ ನಡೆದರೆ ಕಾಲಡಿ ಬಿಸಿಲು ಹೋಗಿ ನೆರಳಾಗುತ್ತೆ, ಮೈಗೆ ತಂಪು ತಗಲುತ್ತೆ. ಈ ಬದಲಾವಣೆಯನ್ನು ಮಕ್ಕಳು ತಾವಾಗಿಯೇ ಗಮನಿಸೋ ಹಾಗೆ ಸುಮ್ಮನೆ ನಡೆಸಿ. ‘ಎಲ್ಲಿ ತಂಪಾಯ್ತು?’ ಅಂತ ಆಮೇಲೆ ಕೇಳಿ.

ಒಂದೇ ಒಂದು ಮರ ಕಲಿಸಬೇಕು ಅಂದರೆ ಜಾಲಾರಿ ಕಲಿಸಿ. ಈ ಬೆಟ್ಟಸಾಲಿನ ಯಜಮಾನ ಅದೇ. ತೊಗಟೆ ಕಂದು ಬೂದು, ಉದ್ದಕ್ಕೆ ಸೀಳು ಸೀಳು. ಸೀಳಿನಲ್ಲಿ ಕೆಲವು ಕಡೆ ಗಟ್ಟಿಯಾದ ರಾಳ ಹನಿಹನಿಯಾಗಿ ನಿಂತಿರುತ್ತೆ. ಉತ್ತರ ಭಾರತದ ಸಾಲ ವೃಕ್ಷದ ಕುಲದ್ದೇ ಇದು. ಹಿಂದೆ ಮೈಸೂರು ಸೀಮೆಯಲ್ಲಿ ಅರಗಿನ ಹುಳು ಸಾಕೋಕೆ ಇದೇ ಮರ ಬಳಸ್ತಿದ್ದರು. ಚಳಿ ಮುಗಿಯೋ ಹೊತ್ತಿಗೆ ಎಲೆ ಉದುರಿಸಿ, ಫೆಬ್ರವರಿ ಮಾರ್ಚ್‌ನಲ್ಲಿ ಬರಿ ಕೊಂಬೆ ತುಂಬಾ ಕೆನೆಬಣ್ಣದ ಹೂ ಬಿಡುತ್ತೆ. ಆಗ ನಾಮದ ಚಿಲುಮೆ ರಸ್ತೆಯಲ್ಲಿ ಗಾಡಿಯ ಗಾಜು ಇಳಿಸಿದರೆ ಸಾಕು, ಘಮ ಒಳಗೇ ಬರುತ್ತೆ. ಜೇನಿನ ಸದ್ದು ಬೇರೆ. ಅಳಿವಿನ ಭಯ ಇರೋ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಮರ ಅಪಾಯದ ಅಂಚಿನಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಕಣ್ಣೆದುರಿಗೇ ಇಷ್ಟೊಂದು ಇರೋದರಿಂದ ಅದರ ಬೆಲೆ ನಮಗೆ ತಿಳೀತಿಲ್ಲ.

ಕಲ್ಲು ಮೇಷ್ಟ್ರು

ಮರದ ಜತೆ ಬಂಡೆಯನ್ನೂ ತೋರಿಸಿ ತಾಯಿ. ರಾಮನಗರ, ಮಾಗಡಿ ಕಡೆಯಿಂದ ಮಧುಗಿರಿ, ಪಾವಗಡದವರೆಗೆ ಉತ್ತರ ದಕ್ಷಿಣವಾಗಿ ಹಬ್ಬಿರೋ ಗ್ರಾನೈಟ್ ಪಟ್ಟಿ ಇದೆ. ಭೂವಿಜ್ಞಾನದಲ್ಲಿ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ರಾಮನಗರದ ಹಳೇ ಹೆಸರು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಾಲದಲ್ಲಿ ಭೂಮಿಯ ಮೇಲೆ ಮರ ಇಲ್ಲ, ಹುಲ್ಲಿಲ್ಲ, ಪ್ರಾಣಿ ಇಲ್ಲ. ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣ್ಣಗಾಗಿ ಹರಳುಗಟ್ಟಿತು. ಮೇಲಿದ್ದ ಕಲ್ಲುಮಣ್ಣೆಲ್ಲ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ ಇದು ಹೊರಗೆ ಬಂತು.

ಭಾರ ಇಳಿದಾಗ ಬಂಡೆ ಹಿಗ್ಗುತ್ತೆ. ಹಿಗ್ಗಿದಾಗ ಮೇಲ್ಮೈಗೆ ಸಮನಾಗಿ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಬಿಡುತ್ತೆ. ಮಕ್ಕಳ ಕೈಗೆ ಒಂದು ಸಣ್ಣ ಕಲ್ಲು ಕೊಟ್ಟು ಹಾಸುಬಂಡೆಯ ಮೇಲೆ ಅಲ್ಲಲ್ಲಿ ಮೆಲ್ಲಗೆ ತಟ್ಟಿಸಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಪದರ ಬಿಟ್ಟಿರೋ ಕಡೆ ಡಬ್ ಡಬ್ ಅಂತ ಪೊಳ್ಳು ಸದ್ದು. ಪಾಠದಲ್ಲಿ ‘ಶಿಲಾ ಶಿಥಿಲೀಕರಣ’ ಅಂತ ಬಾಯಿಪಾಠ ಮಾಡಿದ್ದು ಆಗ ಕೈಗೆ ಸಿಗುತ್ತೆ.

ನಾಮದ ಚಿಲುಮೆಯೂ ಅದೇ ಬಂಡೆ ಬಿರುಕಿನ ಕಥೆ. ಶ್ರೀರಾಮ ನಾಮ ಇಟ್ಟುಕೊಳ್ಳೋಕೆ ನೀರು ಬೇಕಾಗಿ ಬಾಣ ಹೊಡೆದ, ಬಂಡೆಯಿಂದ ನೀರು ಚಿಮ್ಮಿತು ಅಂತ ಸ್ಥಳಪುರಾಣ. ಅದನ್ನೂ ಹೇಳಿ, ಭಕ್ತಿಯಿಂದಲೇ ಹೇಳಿ. ಜತೆಗೆ ಮೇಲಿನ ಕಾಡಿನ ಮಣ್ಣು ಮಳೆನೀರನ್ನು ಹಿಡಿದು ಬಿರುಕಿನೊಳಗೆ ಇಳಿಸಿದರಷ್ಟೇ ಇಲ್ಲಿ ಒರತೆ ಅನ್ನೋದನ್ನೂ ಹೇಳಿ. ಮೇಲೆ ಕಾಡು ಸುಟ್ಟರೆ ಕೆಳಗೆ ಚಿಲುಮೆಗೆ ಪೆಟ್ಟು.

ಜಾಲಾರಿ ನೆರಳು

ಮೇಷ್ಟ್ರು ನೀರಿನ ಮಾತು ತೆಗೆದಿದ್ದು ಒಳ್ಳೆಯದಾಯ್ತು. ಟೀಚರ್, ಈ ಬೆಟ್ಟ ಎರಡು ನದಿಗಳ ತವರು. ಉತ್ತರದ ಕಡೆ ಹುಟ್ಟೋ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕು ದಾಟಿ ಉತ್ತರ ಪಿನಾಕಿನಿ ಸೇರುತ್ತಾಳೆ. ದಕ್ಷಿಣದ ಇಳಿಜಾರಿನ ಶಿಂಷಾ ಕಡಬದ ಕೆರೆ, ಮಾರ್ಕೋನಹಳ್ಳಿ ಜಲಾಶಯ, ಮದ್ದೂರು ಎಲ್ಲ ಹಾದು, ಒಟ್ಟು 221 ಕಿ.ಮೀ. ಹರಿದು ಕಾವೇರಿಗೆ ಬೀಳುತ್ತಾಳೆ. ಅಂದರೆ ಒಂದೇ ಬೆಟ್ಟದ ಮೇಲೆ ಬಿದ್ದ ಒಂದೇ ಮಳೆಯ ಒಂದು ಪಾಲು ನೆಲ್ಲೂರಿನ ಕಡೆಯಿಂದ ಸಮುದ್ರ ಸೇರುತ್ತೆ, ಇನ್ನೊಂದು ಪಾಲು ತಮಿಳುನಾಡಿನ ಕಡೆಯಿಂದ. ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿ ಎರಡು ದಿಕ್ಕಿಗೆ ಕೈ ತೋರಿಸಿ ಇದನ್ನು ಹೇಳಿದರೆ ಭೂಪಟ ತನ್ನಷ್ಟಕ್ಕೆ ಅರ್ಥ ಆಗುತ್ತೆ. ಬೆಟ್ಟದ ಮೇಲಕ್ಕೆ ಹೋಗಲೇಬೇಕಾದ ಕಾರಣ ಅಂದರೆ ನನ್ನ ಮಟ್ಟಿಗೆ ಇದೊಂದೇ.

ಊರ್ಡಿಗೆರೆಯವ

ಮೇಡಂ, ನಮ್ದು ದುರ್ಗದ ಕೆಳಗಿನ ಊರು. ಕರಡಿ ವಿಷ್ಯ ನಾನು ಹೇಳ್ತೀನಿ ಕೇಳಿ.

ಕರಡಿ ಐತೆ. ಚಿರತೆನೂ ಐತೆ. ಆದ್ರೆ ಹಗಲೊತ್ತು ಹತ್ತು ಗಂಟೆ ಮೇಲೆ ಮಕ್ಕಳ ಗುಂಪು ಮಾತಾಡ್ಕೊಂಡು ಹೋದ್ರೆ ಕರಡಿ ತಾನೇ ದೂರ ಹೋಗ್ತದೆ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ತಲೆ ತಗ್ಗಿಸ್ಕೊಂಡು ಹುತ್ತ ಕೆರೀತಾ ಇರೋವಾಗ ನಾವು ಸದ್ದಿಲ್ದೆ ಹತ್ರ ಹೋಗ್ಬಿಟ್ರೆ ಗಾಬರಿ ಬೀಳ್ತದೆ, ಗಾಬರಿ ಬಿದ್ರೆ ಮೇಲೆ ಬರ್ತದೆ. ಮರಿ ಇದ್ರಂತೂ ಬುಡದೇ ಇಲ್ಲ. ನಮ್ಮೋರಿಗೆ ಏಟು ಬಿದ್ದಿರೋದೆಲ್ಲ ಮುಂಜಾನೆ ಮಬ್ಬಲ್ಲಿ ಇಲ್ಲ ಸಂಜೆ ಕತ್ತಲಾದ್ಮೇಲೆ, ಒಬ್ಬೊಬ್ರೇ ಹೋದಾಗ. ಅದಕ್ಕೆ ಬೆಳಗ್ಗೆ ಬೇಗ ಹೋಗ್ಬೇಡಿ, ಮೂರೂವರೆಗೆ ವಾಪಸ್ ರೋಡಿಗೆ ಬಂದುಬುಡಿ. ಬಂಡೆ ಸಂದಿ, ಗುಹೆ, ಲಂಟಾನದ ಮೆಳೆ ಒಳಕ್ಕೆ ಇಣುಕೋಕೆ ಯಾವ ಮಗೂನೂ ಬುಡಬ್ಯಾಡಿ. ಹಗಲು ಅದು ಮಲಗೋ ಜಾಗ ಅವೇ.

ಹುತ್ತ ಕೆರೆದಿರೋದು ತೋರ್ಸಿ. ಗಟ್ಟಿ ಮಣ್ಣಲ್ಲಿ ಉಗುರು ಗೀರಿರೋದು ನಾಲ್ಕೈದು ಗೆರೆ ಸಾಲಾಗಿ ಕಾಣ್ತದೆ. ಕರಡಿ ಮೇಲ್ದವಡೆ ಮುಂದಿನ ಎರಡು ಹಲ್ಲು ಇರಲ್ಲ, ಆ ಸಂದಿಯಿಂದ ಗೆದ್ದಲು ಹೀರ್ತದೆ. ಹೀರೋ ಸದ್ದು ನಮ್ಮ ಹೊಲದ ತನಕ ಕೇಳ್ತದೆ. ಲದ್ದಿ ಕಂಡ್ರೆ ಕಡ್ಡೀಲಿ ಬಿಡಿಸಿ ನೋಡಿ. ಗೆದ್ದಲಿನ ತಲೆ, ಕಪ್ಪಿರುವೆ ಸಿಪ್ಪೆ, ಎಲಚಿ ಬೀಜ, ಕಕ್ಕೆ ಬೀಜ ಎಲ್ಲ ಸಿಗ್ತವೆ. ಕಕ್ಕೆಕಾಯಿ ಒಳಗಿನ ಕಪ್ಪು ಅಂಟು ಅಂದ್ರೆ ಕರಡಿಗೆ ಪ್ರಾಣ. ಲದ್ದೀಲಿ ಬಿದ್ದ ಬೀಜಾನೇ ಮಳೆಗೆ ಮೊಳೀತದೆ. ನಮ್ಮ ಬೆಟ್ಟದಲ್ಲಿ ಕಕ್ಕೆ ಗಿಡ ಅಷ್ಟೊಂದು ಹರಡಿರೋದಕ್ಕೆ ಕರಡಿ ದುಡಿಮೆನೂ ಕಾರಣ.

ತುಂಕೂರು ರೈಡರ್

ನಾವು ನಾಲ್ಕು ಜನ ಸ್ನೇಹಿತರು ಪ್ರತಿ ತಿಂಗಳೂ ಎಲ್ಲಾದರೂ ಚಾರಣ ಹೋಗ್ತೀವಿ. ಇಲ್ಲಿ ಇಷ್ಟೆಲ್ಲ ಗೊತ್ತಿರೋರು ಇದ್ದೀರಿ, ಯಾರಾದರೂ ಒಳದಾರಿಗಳ ಜಿಪಿಎಸ್ ಟ್ರ್ಯಾಕ್ ಹಾಕಬಹುದಾ? ಕೆಳಗಿನ ಭೋಗನರಸಿಂಹನ ಗುಡಿಯಿಂದ ಮೇಲಿನ ಗುಡಿಗೆ ಮೆಟ್ಟಿಲು ಹತ್ತೋದು ಗೊತ್ತು. ಅದು ಬಿಟ್ಟು ಬೆಟ್ಟವನ್ನು ಸುತ್ತು ಹಾಕೋ ದಾರಿ ಬೇಕು. ಸೂರ್ಯೋದಯಕ್ಕೆ ಮೇಲಿರಬೇಕು ಅನ್ನೋ ಆಸೆ.

ಊರ್ಡಿಗೆರೆಯವ

ತಮ್ಮಾ, ಸೂರ್ಯ ಹುಟ್ಟೋಕೆ ಮುಂಚೆ ಆ ದಾರೀಲಿ ನಮ್ಮೂರಿನೋರೇ ಹೋಗಲ್ಲ. ಅದು ಕರಡಿ ವಾಪಸ್ ಬರೋ ಹೊತ್ತು. ದಯಮಾಡಿ ಬ್ಯಾಡ.

ಹಕ್ಕಿ ನೋಟ

ಟ್ರ್ಯಾಕ್ ಹಾಕಬೇಡಿ ಅಂತ ನನ್ನದೂ ವಿನಂತಿ. ಇದು ಮೀಸಲು ಅರಣ್ಯ. ಅನುಮತಿ ಇಲ್ಲದೆ ಒಳಗೆ ಹೋಗೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ತಪ್ಪು. ಚಾರಣಕ್ಕೆ ಅಂತ ತೆರೆದಿರೋ ದಾರಿಗಳಿಗೆ ಅರಣ್ಯ ಇಲಾಖೆಯೇ ಆನ್‌ಲೈನ್ ಬುಕಿಂಗ್ ಇಟ್ಟಿದೆ, ಅದರಲ್ಲಿ ನೋಡಿ. ಒಳದಾರಿ ಅಂತ ನಾವು ಕರೆಯೋದು ಬಹುಪಾಲು ದನಕರು ತುಳಿದ ಜಾಡು, ಇಲ್ಲವೇ ಕಾಡುಹಂದಿ ಜಾಡು. ಒಂದು ಗುಂಪು ಅದರಲ್ಲಿ ಹೋಗಿ ಮ್ಯಾಪ್ ಹಾಕಿದರೆ ಮುಂದಿನ ಭಾನುವಾರಕ್ಕೆ ಐವತ್ತು ಜನ.

ಹಕ್ಕಿಗಳ ಲೆಕ್ಕದಲ್ಲಿ ಈ ಬೆಟ್ಟಕ್ಕೆ ದೊಡ್ಡ ಹೆಸರಿದೆ. 1930ರ ದಶಕದ ಕೊನೆಗೆ ಪಕ್ಷಿವಿಜ್ಞಾನಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ನಾಮದ ಚಿಲುಮೆಯಲ್ಲಿ ಬಿಡಾರ ಹೂಡಿದ್ದರು. ಮಕ್ಕಳಿಗೆ ಇದನ್ನು ಅದೇ ಜಾಗದಲ್ಲಿ ನಿಂತು ಹೇಳಬೇಕು. ನಮ್ಮ ತುಮಕೂರಿನ ಕಾಡು ದೇಶದ ಪಕ್ಷಿವಿಜ್ಞಾನದ ಚರಿತ್ರೆಯೊಳಗೆ ಇದೆ ಅಂತ ಅವರಿಗೆ ಗೊತ್ತಾಗಲಿ.

ಇಲ್ಲಿನ ವಿಶೇಷ ಹಕ್ಕಿ ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಂದಿ ಬೆಟ್ಟದಲ್ಲಿದೆ, ಆಂಧ್ರದ ಹಾರ್ಸ್‌ಲಿ ಬೆಟ್ಟದಲ್ಲಿದೆ, ನಮ್ಮಲ್ಲಿದೆ. ಊರೊಳಗೆ ಕಾಣೋ ಕೆಮ್ಮೀಸೆ ಪಿಕಳಾರದ ಹಾಗೆ ಇದಕ್ಕೆ ಜುಟ್ಟಿಲ್ಲ. ತಲೆ ಹಸಿರು ಹಳದಿ, ಗಂಟಲು ಅಚ್ಚ ಹಳದಿ, ಬೆನ್ನು ಬೂದು. ಬಂಡೆಗಳ ಸಂದಿಯ ಪೊದೆಯಲ್ಲೇ ಓಡಾಡುತ್ತೆ, ಹಣ್ಣು ತಿನ್ನುತ್ತೆ, ಹುಳ ಹಿಡಿಯುತ್ತೆ. ಬಯಲಿಗೆ ಬರೋದು ಕಡಿಮೆ. ಹೀಗೆ ಒಂದೊಂದು ಬೆಟ್ಟಕ್ಕೆ ಅಂಟಿಕೊಂಡಿರೋದರಿಂದ ಒಂದು ಬೆಟ್ಟ ಕಲ್ಲುಕ್ವಾರಿ ಪಾಲಾದರೆ ಅಲ್ಲಿನ ಸಂಸಾರ ಪಕ್ಕದ ಬೆಟ್ಟಕ್ಕೆ ಗುಳೆ ಹೋಗೋದು ಸುಲಭ ಅಲ್ಲ. ಅದಕ್ಕೇ ಇದೂ ಕೆಂಪು ಪಟ್ಟಿಯಲ್ಲಿದೆ. ಒಂದೇ ಬೇಡಿಕೆ: ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಅದು ಎದುರಾಳಿ ಬಂದ ಅಂತ ತಿಳಿದು ಗೂಡು ಬಿಟ್ಟು ಬರುತ್ತೆ.

ಅಕ್ಟೋಬರ್ ನವೆಂಬರ್‌ನಲ್ಲಿ ಹೋದರೆ ವಲಸೆ ಹಕ್ಕಿಗಳೂ ಸಿಗುತ್ತವೆ. ನವರಂಗ ಉತ್ತರದಿಂದ ಬರೋ ಸಮಯ ಅದು. ಉದುರಿದೆಲೆ ಕೆದಕುತ್ತಾ ನೆಲದ ಮೇಲೇ ಕುಪ್ಪಳಿಸುತ್ತೆ, ಸದ್ದು ಮಾಡದೆ ನಿಂತರೆ ಕಾಣುತ್ತೆ. ರಾಜಹಕ್ಕಿಯ ಬಿಳಿ ಬಾಲ ಕಂಡರೆ ಮಕ್ಕಳು ಜನ್ಮದಲ್ಲಿ ಮರೆಯಲ್ಲ. ಮಂಗಟ್ಟೆ, ಕುಟ್ರುಹಕ್ಕಿ, ಮಟಪಕ್ಷಿ, ಕಾಜಾಣ ಅಂತೂ ಇದ್ದೇ ಇವೆ.

ತುಂಕೂರು ರೈಡರ್

ಸರ್, ಸೂರ್ಯೋದಯದ ಮಾತು ಬಿಟ್ಟೆ. ಅಣ್ಣ ಹೇಳಿದ್ದು ಒಪ್ಪಿದೆ. ಆದರೆ ದಾರಿ ಬಗ್ಗೆ ನನ್ನದೊಂದು ವಾದ ಇದೆ. ದಾರಿ ಗುರುತಿಲ್ಲ ಅಂತಲೇ ಜನ ಎಲ್ಲೆಂದರಲ್ಲಿ ನುಗ್ಗೋದು. ಒಂದೇ ಒಂದು ಕಾಲುದಾರಿಯನ್ನು ಸರಿಯಾಗಿ ಗುರುತು ಮಾಡಿ, ಕಲ್ಲು ನೆಟ್ಟು, ಮರಗಳಿಗೆ ಕನ್ನಡದಲ್ಲಿ ಹೆಸರಿನ ಫಲಕ ಹಾಕಿ, ಜತೆಗೆ ಊರಿನ ಒಬ್ಬರನ್ನು ಗೈಡ್ ಅಂತ ಕಳಿಸಿದರೆ ಹತ್ತು ಕಳ್ಳದಾರಿ ತಾನಾಗಿ ಮುಚ್ಚಿಹೋಗುತ್ತೆ. ಕಾಡಿನೊಳಗೆ ಕಾಲಿಡದೆ ಬೆಳೆದ ಹುಡುಗರಿಗೆ ಕಾಡು ಉಳಿಸಿ ಅಂದರೆ ಎಲ್ಲಿಂದ ಮನಸ್ಸು ಬರುತ್ತೆ?

ಜಾಲಾರಿ ನೆರಳು

ಈ ಮಾತನ್ನು ನಾನು ಪೂರ್ತಿ ಒಪ್ತೀನಿ. ಗುರುತು ಮಾಡಿದ ಒಂದು ದಾರಿ, ಊರಿನ ಗೈಡ್, ದಿನಕ್ಕೆ ಇಷ್ಟೇ ಜನ ಅನ್ನೋ ಮಿತಿ, ಇವು ಮೂರೂ ಒಟ್ಟಿಗೆ ಬರಬೇಕು. ಒಂದು ಬಿಟ್ಟರೆ ಉಳಿದೆರಡು ನಿಲ್ಲಲ್ಲ. ಮಿತಿ ಇಲ್ಲದ ದಾರಿ ಅಂದರೆ ಇನ್ನೊಂದು ಪಿಕ್ನಿಕ್ ಜಾಗ. ಆದರೆ ಆ ದಾರಿ ಯಾವುದು ಅನ್ನೋದನ್ನು ಇಲಾಖೆ ಮತ್ತು ಕೆಳಗಿನ ಊರಿನವರು ಕೂತು ತೀರ್ಮಾನಿಸಲಿ. ನಮ್ಮ ನಿಮ್ಮ ಮೊಬೈಲು ತೀರ್ಮಾನಿಸೋದು ಬೇಡ.

ಹೆಗ್ಗೆರೆ ಟೀಚರ್

ಇಷ್ಟು ಮಾಹಿತಿ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಈಗ ಗೊಂದಲ ತಿಂಗಳಿನದು. ಜಾಲಾರಿ ಹೂ ನೋಡಬೇಕು ಅಂದರೆ ಫೆಬ್ರವರಿ ಕೊನೆ, ಹಕ್ಕಿ ನೋಡಬೇಕು ಅಂದರೆ ನವೆಂಬರ್. ಮತ್ತೊಂದು ಪ್ರಶ್ನೆ. ಮಕ್ಕಳು ರಾತ್ರಿ ಮರದ ಮೇಲೆ ಓಡಾಡೋ ಕಾಡುಪಾಪದ (ಸ್ಲೆಂಡರ್ ಲೋರಿಸ್) ಬಗ್ಗೆ ಕೇಳ್ತಾನೇ ಇದ್ದಾರೆ. ರಾತ್ರಿ ಉಳಿದರೆ ಕಾಣಬಹುದಾ?

ಹಕ್ಕಿ ನೋಟ

ಕಾಡುಪಾಪಕ್ಕೆ ನಮ್ಮ ಜಿಲ್ಲೆ ಹೆಸರುವಾಸಿ. ನಾಗವಲ್ಲಿ ಸುತ್ತಮುತ್ತ ಹೊಲದ ಬದು, ತೋಪುಗಳಲ್ಲೂ ಇದೆ. ಆದರೆ ಮಕ್ಕಳ ಗುಂಪು ಕಟ್ಟಿಕೊಂಡು ಟಾರ್ಚ್ ಹಿಡಿದು ಹುಡುಕೋ ಪ್ರಾಣಿ ಅಲ್ಲ ಅದು. ಇಡೀ ಕಣ್ಣೇ ಕತ್ತಲೆಗಾಗಿ ಮಾಡಿದ್ದು. ಬಿಳಿ ಬೆಳಕು ಬಿಟ್ಟರೆ ಕೊಂಬೆ ಹಿಡಿದು ಹಾಗೇ ಸ್ತಬ್ಧವಾಗಿ ನಿಲ್ಲುತ್ತೆ, ಹುಳ ಹಿಡಿಯೋ ಹೊತ್ತು ಹಾಳಾಗುತ್ತೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ ಬೇರೆ.

ಕ್ಲಾಸಿನಲ್ಲಿ ಇದನ್ನು ಹೇಳಿ: ಕಾಡುಪಾಪ ನೆಗೆಯಲ್ಲ. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕೈ ಎಟುಕಿಸಿ, ಹಿಡಿದು, ದಾಟುತ್ತೆ. ಮರಕ್ಕೆ ಮರ ತಗುಲಿಕೊಂಡಿರಬೇಕು. ರಸ್ತೆ ಅಗಲ ಮಾಡೋಕೆ ಸಾಲುಮರ ಕಡಿದರೆ, ಹೊಲದ ಬೇಲಿಯ ಜಾಲಿ, ಹೊಂಗೆ ಕಿತ್ತು ಕಲ್ಲುಕಂಬ ನೆಟ್ಟರೆ ಅದು ನೆಲಕ್ಕೆ ಇಳಿಯಲೇಬೇಕು. ಇಳಿದರೆ ನಾಯಿಗೋ ಟೈರಿಗೋ ಸಿಕ್ಕಿತು. ಮಾಟ ಮಂತ್ರಕ್ಕೆ ಅಂತ ಹಿಡಿಯೋ ಪಾಪಿಷ್ಠರೂ ಇದ್ದಾರೆ. ನೋಡಿದರೆ ಅಪಶಕುನ ಅನ್ನೋ ಮಾತನ್ನು ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಅದನ್ನು ನೀವೇ ತೆಗೆದುಹಾಕಬೇಕು. ನಿಮ್ಮಿಂದ ಆಗೋ ಅತಿ ದೊಡ್ಡ ಉಪಕಾರ ಅದು.

ಊರ್ಡಿಗೆರೆಯವ

ತಿಂಗಳಿನ ವಿಷ್ಯಕ್ಕೆ ಬರ್ತೀನಿ. ಮಕ್ಕಳಿಗೆ ನವೆಂಬರೇ ಸರಿ. ಹಿಂಗಾರು ಬಿಟ್ಟಿರ್ತದೆ, ಹಳ್ಳದಲ್ಲಿ ನೀರಿರ್ತದೆ, ಹುಲ್ಲು ಇನ್ನೂ ಹಸಿ. ಫೆಬ್ರವರಿ ಆದ್ರೆ ಬಾದೆ ಹುಲ್ಲು ಎದೆ ಮಟ್ಟ ಒಣಗಿ ನಿಂತಿರ್ತದೆ. ಬೆಟ್ಟಕ್ಕೆ ಬೆಂಕಿ ಬಿದ್ರೆ ಗಾಳಿ ಇರೋ ದಿನ ನಾವೇ ಓಡೋಕಾಗಲ್ಲ, ಇನ್ನು ಮಕ್ಕಳನ್ನ ಎಲ್ಲಿ ಎತ್ಕೊಂಡು ಓಡ್ತೀರ?

ತುಂಕೂರು ರೈಡರ್

ಅಣ್ಣ, ಬೇಜಾರು ಮಾಡ್ಕೋಬೇಡಿ, ತಿಳ್ಕೊಳ್ಳೋಕೆ ಕೇಳ್ತಿದ್ದೀನಿ. ಬೆಂಕಿ ಹಚ್ಚೋದು ದನ ಮೇಯಿಸೋರೇ ಅಂತಾರಲ್ಲ, ಹೊಸ ಹುಲ್ಲು ಚಿಗುರಲಿ ಅಂತ?

ಊರ್ಡಿಗೆರೆಯವ

ಕೇಳಿದ್ದು ಒಳ್ಳೇದಾಯ್ತು. ಹಿಂದೆ ಇತ್ತು, ಇಲ್ಲ ಅನ್ನಲ್ಲ. ಸುಟ್ಟ ಜಾಗದಲ್ಲಿ ಮೊದಲ್ನೇ ಮಳೆಗೆ ಎಳೇ ಹುಲ್ಲು ಬರ್ತದೆ ನಿಜ. ಆದ್ರೆ ಈಗ ನಮ್ಮೂರಲ್ಲಿ ಬೆಟ್ಟಕ್ಕೆ ಹೊಡೆಯೋ ದನ ಎಷ್ಟಿವೆ? ಎಲ್ಲ ಸೀಮೆಹಸು, ಕೊಟ್ಟಿಗೇಲಿ ಕಟ್ಟಿ ಡೈರಿಗೆ ಹಾಲು ಹಾಕ್ತೀವಿ. ಈಚೆಗೆ ನಾನು ಕಂಡಂಗೆ ಬೆಂಕಿ ಏಳೋದು ರೋಡ್ ಪಕ್ಕದಿಂದ. ಬೀಡಿ ಸಿಗರೇಟು ಎಸೆದಿರೋದು, ಮೂರು ಕಲ್ಲು ಹೂಡಿ ಕೋಳಿ ಬೇಯಿಸಿ ಕೆಂಡ ಆರಿಸದೇ ಹೋಗಿರೋದು. ಜನವರೀಲಿ ಇಲಾಖೆಯೋರು ಬೆಂಕಿ ದಾಟಬಾರ್ದು ಅಂತ ಹುಲ್ಲು ತೆಗೆದು ಬೆಂಕಿ ರೇಖೆ ಎಳೀತಾರೆ, ನಮ್ಮ ಹುಡುಗರೇ ವಾಚರ್ ಕೆಲಸಕ್ಕೆ ಹೋಗ್ತಾರೆ. ಹಸಿ ಸೊಪ್ಪಿನ ಕೊಂಬೆ ಮುರ್ಕೊಂಡು ಬಡಿದು ಬಡಿದು ಆರ್ಸೋದು. ಮುಖ, ಹುಬ್ಬು ಸುಟ್ಕೊಂಡು ಬರ್ತಾರೆ. ಅವರ ಪಾಡು ಯಾರೂ ಬರೆಯಲ್ಲ.

ಜಾಲಾರಿ ನೆರಳು

ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಇಂಥ ಒಣ ಕಾಡಿನಲ್ಲಿ ತಾನಾಗಿ ಬೆಂಕಿ ಹತ್ತೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ. ಬೆಂಕಿಯ ಹಿಂದೆ ಮನುಷ್ಯನೇ ಇರೋದು. ಮರಗಳೆಲ್ಲ ಉಳಿದಿವೆಯಲ್ಲ, ಮಳೆ ಬಂದರೆ ಮತ್ತೆ ಹಸಿರಾಗುತ್ತಲ್ಲ ಅನ್ನೋರಿಗೆ ಜಾಲಾರಿಯ ಕಥೆ ಹೇಳಬೇಕು.

ಹೂ ಮುಗಿದ ಮೇಲೆ ಏಪ್ರಿಲ್ ಮೇ ಹೊತ್ತಿಗೆ ಕಾಯಿ ಬಲಿಯುತ್ತೆ. ಒಂದೊಂದಕ್ಕೂ ಐದು ರೆಕ್ಕೆ, ಮೂರು ಉದ್ದ, ಎರಡು ಗಿಡ್ಡ. ಮುಂಗಾರಿಗೆ ಮುಂಚಿನ ಗಾಳಿಗೆ ಗಿರಗಿರ ಸುತ್ತುತ್ತಾ ತಾಯಿಮರದಿಂದ ದೂರ ಹಾರುತ್ತವೆ. ಈ ಬೀಜಕ್ಕೆ ಹುರುಳಿ, ತೊಗರಿಯಂತೆ ವರ್ಷಗಟ್ಟಲೆ ಕಾದಿರೋ ಶಕ್ತಿ ಇಲ್ಲ. ಬಿದ್ದು ಕೆಲವೇ ವಾರದಲ್ಲಿ ಮಳೆ ಸಿಕ್ಕಿ ಮೊಳೆಯಬೇಕು, ಇಲ್ಲ ಸತ್ತುಹೋಗುತ್ತೆ. ಮೊಳೆತ ಸಸಿ ಬೆರಳುದ್ದ ಬೆಳೆಯೋ ಹೊತ್ತಿಗೆ ಮುಂದಿನ ಬೇಸಿಗೆ ಬಂತು, ಬೆಂಕಿ ಬಂತು. ದೊಡ್ಡ ಮರದ ತೊಗಟೆ ದಪ್ಪ, ಅದು ತಾಳುತ್ತೆ. ಸಸಿ ತಾಳಲ್ಲ. ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತೆ, ಮತ್ತೊಂದು ಬೇಸಿಗೆಗೆ ಮತ್ತೆ ಸುಡುತ್ತೆ. ರಸ್ತೆ ಬದಿಯ ಜಾಲಾರಿ ತೋಪಿನೊಳಗೆ ಬಗ್ಗಿ ನೋಡಿ. ಮುದುಕರು ಬೇಕಾದಷ್ಟು ಇದ್ದಾರೆ, ಮಕ್ಕಳು ಮರಿ ಬಹಳ ಕಡಿಮೆ. ತಲೆ ಎತ್ತಿ ನೋಡೋರಿಗೆ ಕಾಡು ತುಂಬಿ ಕಾಣುತ್ತೆ, ನೆಲ ನೋಡೋರಿಗೆ ಮಾತ್ರ ಮುಂದಿನ ಐವತ್ತು ವರ್ಷ ಕಾಣೋದು. ಈ ಚರ್ಚೆಯ ಮೊದಲಲ್ಲೇ ಕೆಳಗೆ ಇಳಿಯಿರಿ ಅಂದಿದ್ದು ಇದಕ್ಕೇ.

ನವೆಂಬರ್‌ಗೆ ಹೋದಾಗ ಮಕ್ಕಳಿಗೆ ಒಂದು ಕೆಲಸ ಕೊಡಿ ಟೀಚರ್. ಅನುಮತಿ ಇರೋ ಜಾಗದಲ್ಲೇ, ಒಂದು ಜಾಲಾರಿ ಮರದ ಸುತ್ತ ಹತ್ತು ಹೆಜ್ಜೆಯೊಳಗೆ ಮೊಣಕಾಲೆತ್ತರದ ಜಾಲಾರಿ ಸಸಿ ಎಷ್ಟಿವೆ ಅಂತ ಎಣಿಸಲಿ. ಕೀಳೋದು ಬೇಡ, ಬರೆದುಕೊಳ್ಳಲಿ ಅಷ್ಟೇ. ಪ್ರತಿ ವರ್ಷ ಹೊಸ ಬ್ಯಾಚ್ ಅದೇ ಮರದ ಹತ್ತಿರ ಎಣಿಸಿದರೆ ನಿಮ್ಮ ಶಾಲೆಯ ಹತ್ತಿರ ಯಾರ ಹತ್ತಿರವೂ ಇಲ್ಲದ ಲೆಕ್ಕ ಇರುತ್ತೆ.

ಕಲ್ಲು ಮೇಷ್ಟ್ರು

ಬೆಂಕಿಯಿಂದ ಮಣ್ಣಿಗಾಗೋ ನಷ್ಟವೂ ಸಣ್ಣದಲ್ಲ. ಎಲೆಹೊದಿಕೆ ಸುಟ್ಟುಹೋದ ಇಳಿಜಾರಿಗೆ ಮೊದಲ ದಪ್ಪ ಮಳೆ ಬಿದ್ದರೆ ಬೂದಿ, ಮಣ್ಣು ಸಮೇತ ಕೆರೆಗೆ. ಗ್ರಾನೈಟ್ ಮೇಲೆ ಒಂದು ಅಂಗುಲ ಮಣ್ಣು ಕೂಡಬೇಕಾದರೆ ನೂರಾರು ವರ್ಷ ಬೇಕು.

ಲಕ್ಷ್ಮೀಪುರದ ಅಜ್ಜಿ ಮೊಮ್ಮಗಳು

ಇಷ್ಟು ಹೊತ್ತು ಓದ್ತಾ ಇದ್ದೆ. ನಮ್ಮಜ್ಜಿ ನಾಟಿ ಔಷಧಿ ಕೊಡ್ತಿದ್ದರು, ಸೊಗದೆ ಬೇರು, ಮಧುನಾಶಿನಿ, ಅಳಲೆಕಾಯಿ ಎಲ್ಲ ಬೆಟ್ಟದಿಂದಲೇ. ಬೇರು ಬೇಕಾದರೆ ಒಂದು ಬಳ್ಳಿಯಿಂದ ಅರ್ಧ ಮಾತ್ರ ಅಗೆದು, ಮಣ್ಣು ಮುಚ್ಚಿ, ನೀರು ಚಿಮುಕಿಸಿ ಬರ್ತಿದ್ದರು. ಈಗ ಚೀಲಗಟ್ಟಲೆ ಕೀಳ್ತಾರೆ. ಔಷಧಿ ಗಿಡ ತೋರಿಸಬೇಕು ಅಂದರೆ ಇನ್ನೊಂದು ಸಲ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟಕ್ಕೂ ಹೋಗಿ. ಮೆಟ್ಟಿಲ ದಾರಿ, ಮೇಲೆ ಗವಿಯಲ್ಲಿ ಸಿದ್ದೇಶ್ವರಸ್ವಾಮಿ. ಮೂಲಿಕೆಗಳಿಗೆ ತಲೆತಲಾಂತರದಿಂದ ಹೆಸರಾದ ಬೆಟ್ಟ.

ಶ್ರೀಗಂಧ ಕಂಡರೆ ಅದರ ಪಕ್ಕ ಯಾವ ಗಿಡ ಇದೆ ಅಂತಲೂ ನೋಡೋಕೆ ಹೇಳಿ ಮೇಡಂ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಸಾರ ಹೀರುತ್ತೆ. ಒಂಟಿಯಾಗಿ ಬೆಳೆಸಿದರೆ ಸೊರಗುತ್ತೆ.

ಹಕ್ಕಿ ನೋಟ

ಬೇರೆ ಜಾಗ ಅಂದರೆ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿ ಹುಲ್ಲುಗಾವಲು ಇದೆ, ಕೃಷ್ಣಮೃಗಕ್ಕೆ ಅಂತ 2007ರಲ್ಲಿ ಸಂರಕ್ಷಿತ ಮೀಸಲು ಪ್ರದೇಶ ಆಯ್ತು, 798 ಎಕರೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರ ಅನ್ನೋ ಸಣ್ಣ ಹುಲ್ಲೆ ಇದೆ, ಅದಕ್ಕೆ 2019ರಲ್ಲಿ ಸುಮಾರು 136 ಚದರ ಕಿ.ಮೀ. ವನ್ಯಜೀವಿಧಾಮ. ಅಲ್ಲೇ ಶಿರಾ ಕಡೆ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರದ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರಿನವರೇ ಕಾಯ್ತಾರೆ. ಇವೆಲ್ಲ ಬೇರೆ ಬೇರೆ ದಿನಕ್ಕೆ. ಒಂದೇ ದಿನದಲ್ಲಿ ಎಲ್ಲ ತುರುಕಬೇಡಿ.

ಹೆಗ್ಗೆರೆ ಟೀಚರ್

ತೀರ್ಮಾನ ಆಯ್ತು. ನವೆಂಬರ್‌ನ ಒಂದು ಶನಿವಾರ. ಇಲಾಖೆಗೆ ಶಾಲೆಯಿಂದ ಪತ್ರ ಬರೀತೀವಿ, ಜತೆಗೆ ಒಬ್ಬರು ಗಾರ್ಡ್ ಅಥವಾ ವಾಚರ್ ಬರಲಿ ಅಂತಲೂ ಕೇಳ್ತೀವಿ. ಸಸಿ ಎಣಿಸೋ ಕೆಲಸ ಕೇಳಿ ಒಂಬತ್ತನೇ ಕ್ಲಾಸಿನ ಹುಡುಗಿಯರು ಈಗಲೇ ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದಿದ್ದಾರೆ. ಜಾಲಾರಿ ಹೂವಿನ ಸಮಯಕ್ಕೆ ನಾವು ಟೀಚರುಗಳು ಮಾತ್ರ ಟಾರ್ ರಸ್ತೆಯಲ್ಲೇ ಹೋಗಿ ನೋಡಿ, ಫೋಟೊ ತಂದು ತೋರಿಸ್ತೀವಿ. ಕೊನೆಯದಾಗಿ, ಊಟ ಎಲ್ಲಿ ಮಾಡಿಸಲಿ? ಬಟ್ಟೆ, ಚಪ್ಪಲಿ ಹೇಗಿರಬೇಕು? ಕೋತಿ ಕಾಟಕ್ಕೆ ಏನು ಮಾಡೋದು?

ಊರ್ಡಿಗೆರೆಯವ

ಊಟ ನಡಿಗೆಗೆ ಮುಂಚೆನೇ ಮುಗಿಸಿ ಮೇಡಂ, ಇಲ್ಲ ಮುಗಿಸ್ಕೊಂಡು ಬಸ್ಸಲ್ಲಿ ಕೂತು ಮಾಡಿ. ಕಾಡೊಳಗೆ ಡಬ್ಬಿ ಬಿಚ್ಚಬ್ಯಾಡಿ. ಕೋತಿಗೆ ಏನೂ ಕೊಡಬ್ಯಾಡಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿಯಬ್ಯಾಡಿ. ಕವರ್ ಕಂಡ್ರೆ ತಿಂಡಿ ಅಂತ ಅವಕ್ಕೆ ಕಲಿಸಿರೋದು ನಾವೇ. ಹಲ್ಲು ಬಿಟ್ಟು ಹೆದರಿಸಿದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ ಮೆಲ್ಲಗೆ ಪಕ್ಕಕ್ಕೆ ಹೋಗಿ.

ಶೂ ಇಲ್ಲದ ಮಕ್ಕಳು ಇರ್ತಾರೆ, ಪಟ್ಟಿ ಇರೋ ಗಟ್ಟಿ ಚಪ್ಪಲಿ ಆದ್ರೂ ಸರಿ, ಹವಾಯಿ ಬ್ಯಾಡ. ಹಾಸುಬಂಡೆ ಮೇಲೆ ಪಾಚಿ ಇರ್ತದೆ, ಜಾರ್ತದೆ. ಪೂರ್ತಿ ಪ್ಯಾಂಟು, ತೋಳು ಮುಚ್ಚೋ ಬಟ್ಟೆ. ಮನೆಗೆ ಹೋದ್ಮೇಲೆ ಉಣ್ಣೆ ಹುಳ ಹತ್ತಿದ್ಯಾ ಅಂತ ಕಿವಿ ಹಿಂದೆ, ಕಾಲು ಸಂದಿ ನೋಡ್ಕೊಂಡು ಬಿಸಿನೀರಲ್ಲಿ ಸ್ನಾನ ಮಾಡೋಕೆ ಹೇಳಿ. ನೀರಿನ ಬಾಟಲು ಒಬ್ಬೊಬ್ಬರಿಗೆ ಒಂದು, ಖಾಲಿ ಬಾಟಲು ವಾಪಸ್ ಬಸ್ಸಿಗೆ ಬರ್ಬೇಕು, ಎಣಿಸ್ಕೊಳ್ಳಿ.

ಬಸ್ಸು ನಾಮದ ಚಿಲುಮೆ ಹತ್ರ ನಿಲ್ಲಿಸ್ಕೊಳ್ಳಿ, ಜಾಗ ಐತೆ. ತೇರು, ಜಾತ್ರೆ, ಭಾನುವಾರ ತಪ್ಪಿಸಿ. ಹೊರಡೋ ವಾರ ಇಲ್ಲೇ ಒಂದು ಮಾತು ಹಾಕಿ. ಮಳೆ ಎಷ್ಟಾಗೈತೆ, ಹಳ್ಳ ದಾಟೋ ಹಂಗೈತಾ, ಕರಡಿ ಈಚೆಗೆ ಯಾವ ಕಡೆ ಓಡಾಡ್ತಾ ಐತೆ ಅಂತ ನಮ್ಮ ವಾಚರ್ ಹುಡುಗರನ್ನ ಕೇಳಿ ಹೇಳ್ತೀನಿ.